ರಜೆಯ ಚೀಲಕ್ಕೆ ಚಿತ್ರಪುಸ್ತಕ

ಗೋವೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 2011ರ ಜನಗಣತಿಯಂತೆ ಸುಮಾರು 68 ಸಾವಿರ ಮಂದಿ, ಅಂದರೆ ರಾಜ್ಯದ ಜನಸಂಖ್ಯೆಯ ಶೇಕಡ 4.66ರಷ್ಟು. ಇವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಮುಂತಾದ ಜಿಲ್ಲೆಗಳಿಂದ ಬಂದರಿನ ಕೂಲಿ, ಕಟ್ಟಡದ ಕೆಲಸ, ತರಕಾರಿ ಮಾರಾಟ, ಮನೆಗೆಲಸಗಳನ್ನು ನೆಚ್ಚಿ ಬಂದು ವಾಸ್ಕೊದ ಬೈನಾ, ಝುವಾರಿನಗರ, ಮಡಗಾಂವ್, ಫೋಂಡಾ, ಮಾಪುಸಾಗಳಲ್ಲಿ ನೆಲೆಸಿದ ಕುಟುಂಬಗಳವರಾದ್ದರಿಂದ, ಮನೆಯಲ್ಲಿ ಉತ್ತರ ಕರ್ನಾಟಕದ ಆಡುಗನ್ನಡ, ಓಣಿಯಲ್ಲಿ ಕೊಂಕಣಿ ಮತ್ತು ಹಿಂದಿ, ಶಾಲೆಯಲ್ಲಿ ದೇವನಾಗರಿಯ ಕೊಂಕಣಿ ಅಥವಾ ಮರಾಠಿ, ಇಲ್ಲವೇ ಇಂಗ್ಲಿಷು, ಹೀಗೆ ಅವರ ಮಕ್ಕಳ ನುಡಿ ಹೊತ್ತಿಗೊಂದು ಬಗೆಯಾಗಿ ಹರಿಯುತ್ತದೆ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳು ಬೆರಳೆಣಿಕೆಯಷ್ಟಿದ್ದು, ಅವುಗಳ ಆಚೆ ಓದುವ ಮಗುವಿಗೆ ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಗೋಡೆಯ ಕ್ಯಾಲೆಂಡರಿನಲ್ಲಿ, ಊರಿನಿಂದ ಬಂದ ಮದುವೆಯ ಕಾರ್ಡಿನಲ್ಲಿ, ಹುಬ್ಬಳ್ಳಿ ಬಸ್ಸಿನ ಬೋರ್ಡಿನಲ್ಲಿ ಮಾತ್ರ. ಒಂದರಿಂದ ಮೂರನೆಯ ತರಗತಿಯವರೆಗಿನ, ಎಂದರೆ ಆರರಿಂದ ಎಂಟು ಒಂಬತ್ತು ವರ್ಷದ ಇಂಥ ಮಗುವಿಗೆ ಬೇಸಿಗೆ ರಜೆಯಲ್ಲಿ ಯಾವ ಚಿತ್ರಪುಸ್ತಕವನ್ನು ಕೊಡಬೇಕು ಎಂಬ ಪ್ರಶ್ನೆಗೆ, ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಸಲ್ಲುವ ಉತ್ತರ ಇಲ್ಲಿ ಹಾಗೆಯೇ ಸಲ್ಲುವುದಿಲ್ಲ.

ಚಿತ್ರಪುಸ್ತಕವೆಂದರೆ ಚಿತ್ರಗಳಿರುವ ಪುಸ್ತಕ ಎಂದಷ್ಟೇ ಅರ್ಥವಲ್ಲ. ಕಥೆಯನ್ನು ಪೂರ್ತಿಯಾಗಿ ಮಾತಿನಲ್ಲೇ ಹೇಳಿ ನಡುನಡುವೆ ಅಂದಕ್ಕೊಂದು ಚಿತ್ರವನ್ನು ಕೂರಿಸಿದರೆ ಅದು ಸಚಿತ್ರ ಕಥೆಯಾಗುತ್ತದೆ. ಚಿತ್ರಪುಸ್ತಕದಲ್ಲಾದರೋ ಕಥೆಯ ಒಂದು ಪಾಲನ್ನು ಚಿತ್ರವೇ ಹೊತ್ತಿರುತ್ತದೆ, ಮಾತನ್ನು ಮುಚ್ಚಿಟ್ಟರೂ ಚಿತ್ರವನ್ನು ಮುಚ್ಚಿಟ್ಟರೂ ಕಥೆ ಅರ್ಧವಾಗುತ್ತದೆ. ಈ ಪ್ರಕಾರದ ಹಿಂದೆ ದೊಡ್ಡ ಚರಿತ್ರೆಯೇ ಇದೆ. 1658ರಲ್ಲಿ ಕೊಮೆನಿಯಸ್ ಎಂಬ ಮೊರಾವಿಯದ ಶಿಕ್ಷಣಚಿಂತಕ ಲೋಕದ ವಸ್ತುಗಳನ್ನು ಚಿತ್ರದೊಡನೆ ಹೆಸರಿಸಿ ಪ್ರಕಟಿಸಿದ ಪಠ್ಯವನ್ನು ಮಕ್ಕಳ ಚಿತ್ರಪುಸ್ತಕಗಳ ಪೂರ್ವಜ ಎಂದು ಎಣಿಸುವುದು ವಾಡಿಕೆ. ಕನ್ನಡದ ಮಟ್ಟಿಗೆ ಹೇಳುವುದಾದರೆ, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರು, 1936ರಲ್ಲಿ ಮೂರು ಸಂಪುಟಗಳ ಬಾಲ ಪ್ರಪಂಚವನ್ನು ತಂದ ಶಿವರಾಮ ಕಾರಂತರು ಮಕ್ಕಳ ಓದಿಗೆ ಗಟ್ಟಿಯಾದ ತಳಪಾಯ ಹಾಕಿದರಾದರೂ, ಮೇಲೆ ಹೇಳಿದ ಅರ್ಥದ ಚಿತ್ರಪುಸ್ತಕ ಕನ್ನಡದ ಮಕ್ಕಳಿಗೆ ಯಥೇಚ್ಛವಾಗಿ ದೊರಕತೊಡಗಿದ್ದು ಈಚಿನ ಮೂರು ದಶಕಗಳಲ್ಲಿ, ಮುಖ್ಯವಾಗಿ 1996ರಲ್ಲಿ ಚೆನ್ನೈಯಲ್ಲಿ ಆರಂಭವಾದ ತೂಲಿಕಾ ಮತ್ತು 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಗಳು ಹಲವು ಭಾರತೀಯ ಭಾಷೆಗಳಲ್ಲಿ ಒಟ್ಟಿಗೆ ಪುಸ್ತಕ ಹೊರಡಿಸತೊಡಗಿದ ಮೇಲೆ. ಪಂಜೆಯವರ ಮನೆಮಾತು ಕೊಂಕಣಿಯಾಗಿತ್ತೆಂಬುದನ್ನು ಗೋವೆಯ ಓದುಗರು ಇಲ್ಲಿ ನೆನೆಯಬಹುದು, ಏಕೆಂದರೆ ಕೊಂಕಣಿ ಮನೆಯ ಮಗು ಕನ್ನಡದ ಶಾಲೆಗೆ ಹೋದ ಆ ಕಾಲದ ಕರಾವಳಿಯ ಸ್ಥಿತಿಯೇ ಇಂದು ಬೈನಾದ ಕನ್ನಡ ಮನೆಗಳಲ್ಲಿ ತಿರುವುಮುರುವಾಗಿ ನಡೆಯುತ್ತಿದೆ.

ಪುಸ್ತಕವನ್ನು ಆರಿಸುವವರು ಸಾಮಾನ್ಯವಾಗಿ ನೋಡುವುದು ರಕ್ಷಾಪುಟದ ಮೇಲಿನ ಹಂತದ ಗುರುತನ್ನು. ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದ ಪುಸ್ತಕದಲ್ಲಿ ಸುಮಾರು 250ರವರೆಗೆ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ ಪದಗಳಿರುತ್ತವೆ, ನಾಲ್ಕನೆಯದು ಅದಕ್ಕೂ ಮೇಲೆ. ಈ ಗುರುತು ನಿರುಪಯೋಗಿಯೆಂದು ಹೇಳಲಾಗದು. ಆದರೆ ಪದಗಳ ಎಣಿಕೆಯಿಂದ ಓದಿನ ಕಷ್ಟವನ್ನು ಅಳೆಯುವ ಪದ್ಧತಿ ಪ್ರತ್ಯಯಗಳನ್ನು ಒಂದರ ಮೇಲೊಂದು ಹೇರಿಕೊಂಡು ಬೆಳೆಯುವ ಕನ್ನಡದ ಪದಕ್ಕೆ ಸರಿಹೊಂದದು. ‘ಅವ್ವ ಬಂದಳು’ ಎಂಬುದರಲ್ಲಿ ಎರಡು ಪದಗಳಿವೆ, ‘ಹೋಗಬೇಕಾಗಿತ್ತಂತೆ’ ಎಂಬುದರಲ್ಲಿ ಒಂದೇ ಇದೆ, ಆದರೆ ಆರು ವರ್ಷದ ಮಗುವಿನ ನಾಲಿಗೆ ಎಲ್ಲಿ ತಡೆಯುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಅಳತೆಗೋಲು ಅಕ್ಷರದಲ್ಲಿದೆ. ಕನ್ನಡದ 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿ ಆಗುವ ಗುಣಿತಾಕ್ಷರಗಳೇ ನಾನೂರನ್ನು ದಾಟುತ್ತವೆ, ಒತ್ತಕ್ಷರಗಳು ಅದರ ಮೇಲೆ. ಆದ್ದರಿಂದಲೇ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಒಂದೆರಡು ವರ್ಷದಲ್ಲಿ ಗುರುತಿಸಿ ಮುಗಿಸುವ ಮಗು ಕನ್ನಡದ ಅಕ್ಷರಸಂಪತ್ತನ್ನು ಕೈವಶ ಮಾಡಿಕೊಳ್ಳಲು ಮೂರು ನಾಲ್ಕನೆಯ ತರಗತಿಯವರೆಗೂ ಹೆಣಗುತ್ತದೆ. ಮನೋವಿಜ್ಞಾನಿ ಸೊನಾಲಿ ನಾಗ್ ಅವರು ಕನ್ನಡದ ಮಕ್ಕಳ ಆರಂಭಿಕ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಧಾನಗತಿಯನ್ನು ತೋರಿಸಿಕೊಟ್ಟಿತು. ಇದು ಮಗುವಿನ ಮಂದತನವಲ್ಲ, ಲಿಪಿಯ ಸ್ವಭಾವ. ಒತ್ತಕ್ಷರಗಳಲ್ಲಿಯೂ ಎರಡು ಬಗೆ. ಅಕ್ಕ, ಅಜ್ಜ, ಬೆಕ್ಕು, ಹಣ್ಣುಗಳಲ್ಲಿರುವಂತೆ ಅದೇ ವ್ಯಂಜನ ಇಮ್ಮಡಿಸುವ ಸಜಾತೀಯ ಒತ್ತುಗಳು ಮನೆಯ ಮಾತಿನಲ್ಲೇ ಇರುವುದರಿಂದ ಮಗುವಿಗೆ ಬೇಗ ಒಗ್ಗುತ್ತವೆ. ಆಶ್ಚರ್ಯ, ಪ್ರಕಾಶ, ಸ್ಪರ್ಧೆಗಳಲ್ಲಿರುವಂತೆ ಬೇರೆಬೇರೆ ವ್ಯಂಜನಗಳು ಕೂಡುವ ವಿಜಾತೀಯ ಒತ್ತುಗಳು ಬಹಳ ಕಾಲ ಕಾಡುತ್ತವೆ, ಅದರಲ್ಲಿಯೂ ಬರೆಯುವಾಗ ಹಿಂದೆ ಬಂದು ಓದುವಾಗ ಮುಂದೆ ನಿಲ್ಲುವ ಅರ್ಕಾವತ್ತು. ಮೊದಲ ಹಂತವೆಂಬ ಗುರುತು ಹೊತ್ತ ಪುಸ್ತಕದ ಎರಡನೆಯ ಪುಟದಲ್ಲೇ ‘ಆಶ್ಚರ್ಯಚಕಿತ’ ಎಂಬ ಪದ ಎದುರಾದರೆ ಆ ಗುರುತನ್ನು ನಂಬುವ ಅಗತ್ಯವಿಲ್ಲ.

ಗೋವೆಯ ಮಗುವಿಗೆ ಇದರ ಜೊತೆಗೆ ಮತ್ತೊಂದು ತೊಡಕಿದೆ, ಒಂದು ಅನುಕೂಲವೂ ಇದೆ. ದೇವನಾಗರಿಯನ್ನು ಕಲಿತ ಮಗುವಿಗೆ ಗುಣಿತದ ಕಲ್ಪನೆ ಹೊಸದಲ್ಲ. ಅಕ್ಷರದ ನೆತ್ತಿಯ ಮೇಲೆ ಏರಿ ಕೂರುವ ಅಲ್ಲಿನ ರೇಫವನ್ನು ಕಂಡವರಿಗೆ ಅರ್ಕಾವತ್ತಿನ ಹಿಂದುಮುಂದು ಅಷ್ಟೇನೂ ವಿಚಿತ್ರವಾಗಿ ತೋರದು. ಆದರೆ ಕೊಂಕಣಿ, ಮರಾಠಿಗಳನ್ನು ಬರೆಯುವ ರೂಢಿಯಲ್ಲಿ ಎಕಾರಕ್ಕೆ ಒಂದೇ ಚಿಹ್ನೆ, ಒಕಾರಕ್ಕೂ ಒಂದೇ ಚಿಹ್ನೆ ಇರುವುದರಿಂದ, ಕನ್ನಡದ ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವದೀರ್ಘಗಳ ಭೇದವನ್ನು ಆ ಮಗು ಕಿವಿಯಲ್ಲಿ ಬಲ್ಲದಾದರೂ ಪುಟದ ಮೇಲೆ ಹುಡುಕಿ ನೋಡುವುದಿಲ್ಲ. ‘ಕೆರೆ’ ಎಂದು ಓದಬೇಕಾದದ್ದೋ ‘ಕೇರೆ’ ಎಂದು ಓದಬೇಕಾದದ್ದೋ ಎಂಬ ಗೊಂದಲ ಬಂದಾಗ ನೆರವಿಗೆ ಬರುವುದು ಚಿತ್ರ; ಪುಟದಲ್ಲಿ ನೀರಿದೆಯೋ ಹಾವಿದೆಯೋ ಎಂಬುದನ್ನು ನೋಡಿದೊಡನೆ ಮಗು ತನ್ನ ಓದನ್ನು ತಾನೇ ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದಿಕೊಳ್ಳಲು ಎಡೆಗೊಡುವ ಚಿತ್ರ ಬೇಕು. ಎಲ್ಲ ಪುಟಗಳಲ್ಲಿಯೂ ನಗುಮುಖದ ಮಕ್ಕಳು, ಹಸಿರು ಗುಡ್ಡ, ಹಳದಿ ಸೂರ್ಯ ಎಂದು ಒಂದೇ ಅಚ್ಚಿನಲ್ಲಿ ತೆಗೆದ ಚಿತ್ರಗಳಿಂದ ಆ ಕೆಲಸ ಆಗುವುದಿಲ್ಲ, ಮತ್ತು ಅಂಗಡಿಗಳಲ್ಲಿ ಹೊಳೆಯುವ ಕಾಗದದ ಮೇಲೆ ಅಗ್ಗವಾಗಿ ಸಿಗುವ ಪುಸ್ತಕಗಳಲ್ಲಿ ಇಂಥವೇ ಹೆಚ್ಚು.

ಪುಟದ ವಿನ್ಯಾಸವನ್ನೂ ಕಣ್ಣಿಟ್ಟು ನೋಡಬೇಕು. ಕನ್ನಡದ ಒತ್ತು ಅಕ್ಷರದ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಇಂಗ್ಲಿಷಿಗಾಗಿ ಮೊದಲು ರೂಪಿಸಿದ ಪುಟದಲ್ಲಿ ಕನ್ನಡದ ಉದ್ದ ಪದಗಳನ್ನು ತುರುಕುವಾಗ ಅಕ್ಷರವನ್ನು ಕಿರಿದು ಮಾಡುವುದು ಅಥವಾ ಪದವನ್ನು ಸಾಲಿನ ಅಂಚಿನಲ್ಲಿ ಮುರಿಯುವುದು ನಡೆಯುತ್ತದೆ. ದೊಡ್ಡವರು ಇದನ್ನು ಗಮನಿಸುವುದೂ ಇಲ್ಲ, ಆದರೆ ಬೆರಳಿಟ್ಟು ಓದುವ ಮಗು ಮುರಿದ ಪದದ ಮೊದಲರ್ಧವನ್ನೇ ಒಂದು ಪದವೆಂದು ತಿಳಿದು ಅಲ್ಲಿಯೇ ನಿಲ್ಲುತ್ತದೆ.

ಒಳ್ಳೆಯ ಆಯ್ಕೆ ಹೇಗಿರಬಹುದೆಂಬುದಕ್ಕೆ ರೋಹಿಣಿ ನಿಲೇಕಣಿಯವರು ನೋನಿ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಯನ್ನು ನೋಡಬಹುದು. ವರ್ಷಕ್ಕೊಮ್ಮೆ ಕ್ಷೌರ ಮಾಡಿಸಿಕೊಳ್ಳುವ ರೈತನೊಬ್ಬ ಉದ್ದ ಕೂದಲನ್ನು ಹೊತ್ತು ಹೊರಟರೆ ಅದನ್ನು ಕತ್ತರಿಸಲು ಯಾರಿಗೂ ಪುರುಸೊತ್ತಿಲ್ಲ ಎಂಬ ಈ ಕಥೆಯನ್ನು ಪ್ರಥಮ್ ಬುಕ್ಸ್ 2012ರ ಸಾಕ್ಷರತಾ ದಿನದಂದು ದೇಶದ ಹಲವು ಭಾಷೆಗಳಲ್ಲಿ ಒಂದೇ ದಿನ ಓದಿಸಿತು. ಒಂದೇ ಬಗೆಯ ಕೋರಿಕೆ, ಒಂದೇ ಬಗೆಯ ನಿರಾಕರಣೆ ಮತ್ತೆಮತ್ತೆ ಬರುವುದರಿಂದ ಮಗು ಅಕ್ಷರಗಳನ್ನು ಪೂರ್ತಿ ಬಲ್ಲದಿದ್ದರೂ ಮುಂದಿನ ಮಾತನ್ನು ಊಹಿಸಿ ಓದಬಲ್ಲದು, ಊಹಿಸಿದ್ದು ಸರಿಯಾದಾಗ ಅಕ್ಷರವನ್ನು ಗುರುತಿಟ್ಟುಕೊಳ್ಳುತ್ತದೆ. ಇದರಿಂದ ತೀರ ಬೇರೆಯ ದಾರಿ ಹಿಡಿದದ್ದು ಸಂಧ್ಯಾ ರಾವ್ ಬರೆದು ನೀನಾ ಸಬ್ನಾನಿ ಚಿತ್ರಿಸಿದ, ತಾಯಿಯ ಸೀರೆಯನ್ನು ಕುರಿತ ತೂಲಿಕಾದ ಪುಸ್ತಕ. ಅಲ್ಲಿ ನಿಜವಾದ ಸೀರೆಗಳ ಛಾಯಾಚಿತ್ರಗಳೇ ಪುಟದುದ್ದ ಹರಡಿ, ಅವುಗಳ ನಡುವೆ ಪುಟ್ಟ ಮಕ್ಕಳ ಆಕೃತಿಗಳು ಆಡುತ್ತವೆ, ಮಾತು ಕೆಲವೇ ಕೆಲವು. ಇಳಕಲ್ ಸೀರೆಯ ಸೆರಗನ್ನು ಹಿಡಿದು ಬೆಳೆದ ಮಗುವಿಗೆ ಆ ಪುಟಗಳನ್ನು ತೋರಿಸಿ ವಿವರಿಸುವ ಪ್ರಮೇಯವೇ ಇರುವುದಿಲ್ಲ. ನೀತಿಯನ್ನು ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುವ ಪುಸ್ತಕಗಳನ್ನು ರಜೆಯ ಮಟ್ಟಿಗಾದರೂ ಬದಿಗಿಡುವುದು ಲೇಸು. ಪಾಲಕರಿಗೆ ಅವು ಮೆಚ್ಚಿಗೆಯಾಗುತ್ತವೆ ಎಂಬುದೇನೋ ನಿಜ.

ರಜೆಯ ಓದಿನ ಬಗೆಗೆ ಹೊರನಾಡುಗಳಲ್ಲಿ ನಡೆದ ಅಧ್ಯಯನಗಳಲ್ಲಿ ಒಂದನ್ನು ಇಲ್ಲಿ ಹೇಳಬೇಕು. ಬೇಸಿಗೆಯಲ್ಲಿ ಪುಸ್ತಕ ಮುಟ್ಟದ ಮಕ್ಕಳು, ಅದರಲ್ಲಿಯೂ ಬಡಕುಟುಂಬಗಳ ಮಕ್ಕಳು, ಕಲಿತ ಓದನ್ನು ಎಷ್ಟೋ ಮಟ್ಟಿಗೆ ಕಳೆದುಕೊಳ್ಳುತ್ತಾರೆಂಬುದನ್ನು ಅಮೆರಿಕದ ಶಿಕ್ಷಣತಜ್ಞರು ಬೇಸಿಗೆಯ ಜಾರಿಕೆಯೆಂದು ಕರೆಯುತ್ತಾರೆ. ಫ್ಲಾರಿಡಾದ ಬಡಶಾಲೆಗಳಲ್ಲಿ ರಿಚರ್ಡ್ ಆಲಿಂಗ್ಟನ್, ಆನ್ ಮೆಕ್‌ಗಿಲ್ ಫ್ರಾನ್ಜನ್ ಮತ್ತು ಸಂಗಡಿಗರು ಮಕ್ಕಳಿಗೆ ಪ್ರತಿ ಬೇಸಿಗೆಯಲ್ಲಿ 12 ಪುಸ್ತಕಗಳಂತೆ ಮೂರು ಬೇಸಿಗೆ ಕೊಟ್ಟು ನೋಡಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪುಸ್ತಕ ಪಡೆದ ಮಕ್ಕಳ ಓದು ಪಡೆಯದವರಿಗಿಂತ ಸ್ಪಷ್ಟವಾಗಿ ಮೇಲಾಗಿತ್ತು. ಅಲ್ಲಿ ಗಮನಿಸಬೇಕಾದದ್ದು 12 ಎಂಬ ಸಂಖ್ಯೆಯನ್ನಲ್ಲ, ಆ ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಂಡಿದ್ದರು ಎಂಬುದನ್ನು. ಹಾಗಾದರೆ ದೊಡ್ಡವರ ಆಯ್ಕೆ ಯಾವುದಕ್ಕೆ ಎಂದರೆ, ಮಗು ಆರಿಸಿಕೊಳ್ಳುವ ರಾಶಿಯನ್ನು ಕಟ್ಟುವುದಕ್ಕೆ. ಆ ರಾಶಿಯಲ್ಲಿ ಮಗುವಿನ ತರಗತಿಗೆ ಕೆಳಗಿನ ಪುಸ್ತಕಗಳೂ ಇರಲಿ, ಮೇಲಿನವೂ ಇರಲಿ, ಒಂದೂ ಅಕ್ಷರವಿಲ್ಲದ ಚಿತ್ರಕಥೆಗಳೂ ಇರಲಿ.

ಅಕ್ಷರವಿಲ್ಲದ ಪುಸ್ತಕವೆಂದರೆ ಹಲವರು ಹುಬ್ಬೇರಿಸುತ್ತಾರೆ. ಆದರೆ ಶಾಲೆಯ ಮುಖ ನೋಡದೆ ದುಡಿಮೆಗೆ ಬಂದ ತಾಯಂದಿರು ಝುವಾರಿನಗರದಂಥ ವಸತಿಗಳಲ್ಲಿ ಅಪರೂಪದವರಲ್ಲ. ಅಂಥ ತಾಯಿ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು ‘ಓದಿ’ ಹೇಳಬಹುದಾದ ಪುಸ್ತಕ ಅದೊಂದೇ, ಮತ್ತು ಆಗ ಹೊರಡುವ ಕಥೆ ಅಚ್ಚಿನ ಯಾವ ಪುಸ್ತಕದಲ್ಲಿಯೂ ಇಲ್ಲದ ಕನ್ನಡದಲ್ಲಿರುತ್ತದೆ. ಅಕ್ಷರವಿರುವ ಪುಸ್ತಕಗಳಲ್ಲಿ ಹೆಚ್ಚಿನವು ಅನುವಾದಗಳಾಗಿದ್ದು, ಅವುಗಳ ಕನ್ನಡ ಬೆಂಗಳೂರಿನ ಬರವಣಿಗೆಯ ಕನ್ನಡವಾಗಿರುವುದು ಸಹಜವೇ ಆದರೂ, ಗಟ್ಟಿಯಾಗಿ ಓದಿದಾಗ ಮನೆಯವರು ಆಡಬಹುದಾದ ಮಾತಿನಂತೆ ಕೇಳುವ ಪುಸ್ತಕವನ್ನೇ ಮೊದಲು ಎತ್ತಿಕೊಳ್ಳಬೇಕು. ಕೊಳ್ಳುವ ಮುನ್ನ ಎರಡು ಪುಟವನ್ನು ಬಾಯಿಬಿಟ್ಟು ಓದಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇನ್ನು ಪುಸ್ತಕ ಸಿಗುವುದೆಲ್ಲಿ ಎಂಬ ಮಾತು. 1832ರಲ್ಲಿ ಆರಂಭವಾದ, ಈಗ ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯ ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. 2005ರಲ್ಲಿ ಪಣಜಿಯಲ್ಲಿ ಹುಟ್ಟಿದ ಬುಕ್‌ವರ್ಮ್ ಸಂಸ್ಥೆ ಮಕ್ಕಳ ಗ್ರಂಥಾಲಯವನ್ನು ನಡೆಸುವುದರ ಜೊತೆಗೆ ಶಾಲೆಗಳಿಗೂ ವಸತಿಗಳಿಗೂ ಪುಸ್ತಕವನ್ನು ಹೊತ್ತೊಯ್ಯುವ ಕೆಲಸ ಮಾಡುತ್ತ ಬಂದಿದೆ. ಆದರೆ ವಾಸ್ಕೊದಿಂದ ಪಣಜಿಗೆ ಮಗುವನ್ನು ಕರೆದೊಯ್ಯಲು ದಿನದ ಕೂಲಿಯನ್ನು ಬಿಡಬೇಕಾದ ಕುಟುಂಬಗಳೇ ಹೆಚ್ಚಿರುವುದರಿಂದ ಕನ್ನಡ ಸಂಘಗಳು ತಮ್ಮ ಕಪಾಟಿನ ಬೀಗವನ್ನು ಮೇ ತಿಂಗಳಲ್ಲಿ ತೆರೆದಿಡುವುದು ಅಗತ್ಯ. ಪುಸ್ತಕ ಹರಿಯುತ್ತದೆ, ಕಳೆಯುತ್ತದೆ ಎಂಬ ಅಂಜಿಕೆ ಇದ್ದದ್ದೇ. ಬೀಗ ಹಾಕಿಟ್ಟ ಪುಸ್ತಕವನ್ನು ಜುಲೈ ತಿಂಗಳ ಮುಗ್ಗಲು ಹೇಗೂ ತಿನ್ನುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ. ಎಷ್ಟೋ ಮಕ್ಕಳು ರಜೆಯಲ್ಲಿ ಕುಳೆ, ಲೋಂಡಾ ದಾಟಿ ಊರಿಗೆ ಹೋಗುತ್ತಾರಾದ್ದರಿಂದ ಆ ಪುಸ್ತಕಗಳು ಗೋವೆಯಲ್ಲೇ ಉಳಿಯಬೇಕೆಂಬ ನಿಯಮವನ್ನೂ ಸಡಿಲಿಸಬೇಕಾಗುತ್ತದೆ.

ಇದರ ಜೊತೆಗೆ, ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಒಂದೇ ಕಥೆ, ಒಂದೇ ಚಿತ್ರ ಕನ್ನಡ, ಮರಾಠಿ, ಇಂಗ್ಲಿಷ್ ಮುಂತಾದ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಶಾಲೆಯಲ್ಲಿ ಮರಾಠಿಯಲ್ಲಿ ಓದಿದ ಕಥೆಯನ್ನೇ ಮಗುವಿಗೆ ಕನ್ನಡದಲ್ಲಿ ಕೊಟ್ಟರೆ ಕಥೆಯ ಪರಿಚಯ ಅಕ್ಷರದ ಭಾರವನ್ನು ಇಳಿಸುತ್ತದೆ. ಫೋನಿನ ಪುಟ್ಟ ಪರದೆಯಲ್ಲಿ ಚಿತ್ರದ ವಿವರಗಳು ಕರಗಿಹೋಗುವುದರಿಂದ ಮುದ್ರಿಸಿಕೊಳ್ಳುವುದೇ ಒಳ್ಳೆಯದು. ಇಲ್ಲಿನ ಕಥೆಗಳು ಮುಕ್ತ ಪರವಾನಗಿಯಲ್ಲಿ ಪ್ರಕಟವಾಗಿವೆ, ಎಂದರೆ ಮೂಲ ಲೇಖಕರ, ಚಿತ್ರಕಾರರ, ಪ್ರಕಾಶಕರ ಹೆಸರನ್ನು ಉಳಿಸಿ, ಮಾಡಿದ ಬದಲಾವಣೆಯನ್ನು ಸೂಚಿಸಿದರೆ ಯಾರು ಬೇಕಾದರೂ ಅವುಗಳನ್ನು ತಿದ್ದಿ ಅಚ್ಚು ಹಾಕಿಸಬಹುದು. ಬೈನಾದ ಒಬ್ಬ ಶಿಕ್ಷಕಿ ಪುಸ್ತಕದ ‘ಅಮ್ಮ’ನನ್ನು ‘ಅವ್ವ’ ಮಾಡಿ, ‘ಎಲ್ಲಿಗೆ ಹೋಗುತ್ತಿದ್ದೀಯೆ’ ಎಂಬುದನ್ನು ‘ಎಲ್ಲಿಗಿ ಹೊಂಟಿ’ ಎಂದು ಬರೆದು, ಅಕ್ಷರವನ್ನು ಒಂದು ಅಳತೆ ದೊಡ್ಡದು ಮಾಡಿ ಓಣಿಯ ಮಕ್ಕಳಿಗೆ ಹಂಚಿದರೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.