ಎಳೆ ಹರಿದಾಗ ಮಗ್ಗ ನಿಲ್ಲಿಸುವವರು ಯಾರು?

ನಮ್ಮ ಹೊಸಹಳ್ಳಿ ಹೆದ್ದಾರಿ ಬದಿಯ ಊರು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಗಾಡಿಗಳು ನಮ್ಮ ಕಣ್ಣ ಮುಂದೆಯೇ ಹಾದು ಹೋಗುತ್ತವೆ. ಸಣ್ಣವರಿದ್ದಾಗ ಕಟ್ಟೆಯ ಮೇಲೆ ಕೂತು ನಾವು ಆಡುತ್ತಿದ್ದ ಆಟ ಒಂದೇ. ದೂರದಿಂದ ಬರುವ ಗಾಡಿಯ ಹೆಸರನ್ನು ಯಾರು ಮೊದಲು ಹೇಳುತ್ತಾರೋ ಅವರು ಗೆದ್ದಂತೆ. ಅದಿರು ಲಾರಿ, ಕ್ರೂಸರ್, ಟಂಟಂ ಎಲ್ಲವನ್ನೂ ಸುಲಭವಾಗಿ ಹೇಳುತ್ತಿದ್ದೆವು. ಬಿಳಿ ಇನ್ನೋವಾ ಬಂದರೆ ಮಾತ್ರ ಆಟ ನಿಂತು, 'ಯಾರೋ ದೊಡ್ಡೋರು ಬಂದ್ರು' ಎಂದು ಎಲ್ಲರೂ ಆ ಕಡೆ ನೋಡುತ್ತಿದ್ದೆವು.

ಊರಿನಲ್ಲಿ ಬಾಡಿಗೆ ಗಾಡಿ ಓಡಿಸುವ ಮಾವ ಒಬ್ಬರಿದ್ದಾರೆ. ಅವರ ಹತ್ತಿರ ಇರುವುದು ಹಳೆಯ ಕ್ವಾಲಿಸ್. ಕೊಟ್ಟೂರು ತೇರು, ಉಜ್ಜಿನಿ ಜಾತ್ರೆ, ಮದುವೆ, ರಾತ್ರೋರಾತ್ರಿ ದಾವಣಗೆರೆ ದವಾಖಾನೆ, ಎಲ್ಲದಕ್ಕೂ ಅದೇ ಗಾಡಿ. 'ಇದನ್ನ ಮಾರೋದಿಲ್ಲೇನು ಮಾವ?' ಎಂದು ಹೋದ ದೀಪಾವಳಿಗೆ ಕೇಳಿದೆ. 'ಮಾರಿ ಏನ್ ತಗೊಳ್ಳಲೋ? ಇದು ಇವತ್ತಿನತನ ನನ್ನ ನಡುದಾರಿಯಾಗ ಕೈ ಬಿಟ್ಟಿಲ್ಲ' ಎಂದರು. ಜಾಹೀರಾತಿಗೆ ಕೋಟಿ ಸುರಿದರೂ ಸಿಗದ ಹೆಸರು ಇದು. ಈ ಹೆಸರು ಹೇಗೆ ಬಂತು, ಅದರ ಬೆಲೆ ಏನು, ಅದನ್ನು ತೆತ್ತವರು ಯಾರು ಎಂಬುದನ್ನು ಮೆಕ್ಯಾನಿಕಲ್ ಬಿಇ ಓದುತ್ತಿರುವ ನಾನು ಈ ವರ್ಷ ಕುತೂಹಲಕ್ಕೆ ಓದಲು ಶುರು ಮಾಡಿದೆ. ನಾಳೆ ಕೆಲಸ ಹುಡುಕಿ ಬಿಡದಿ, ನರಸಾಪುರ, ಹೊಸೂರು ಎಂದು ಅಲೆಯಬೇಕಾದ ನಮಗೆಲ್ಲ ಇದು ಬೇಕಾದ ವಿಷಯ ಎನ್ನಿಸಿತು.

ಮಗ್ಗದಿಂದ ಬಂದ ಕಾರು

ಟೊಯೋಟಾ ಕಥೆ ಶುರುವಾಗುವುದು ಕಾರಿನಿಂದಲ್ಲ, ಮಗ್ಗದಿಂದ. 1867ರಲ್ಲಿ ಹುಟ್ಟಿದ ಸಕಿಚಿ ಟೊಯೋಡಾ ಒಬ್ಬ ಬಡಗಿಯ ಮಗ. ಕೈಮಗ್ಗವನ್ನು ಸುಧಾರಿಸುತ್ತಾ ಹೋದ ಆತ 1924ರ ಹೊತ್ತಿಗೆ ಸ್ವಯಂಚಾಲಿತ ಮಗ್ಗವನ್ನು ಪೂರ್ಣಗೊಳಿಸಿದ. ಅದರ ವಿಶೇಷ ವೇಗವಷ್ಟೇ ಅಲ್ಲ. ಒಂದು ಎಳೆ ಹರಿದರೆ ಸಾಕು, ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ನಮ್ಮ ಕಡೆ ಕಂಬಳಿ ನೇಯುವವರನ್ನು ಕೇಳಿ ನೋಡಿ. ಹರಿದ ಎಳೆಯನ್ನು ನೋಡದೆ ನೇಯ್ದುಕೊಂಡು ಹೋದರೆ ಎಷ್ಟು ಕೆಲಸ ಹಾಳಾಗುತ್ತದೆ ಎಂದು ಅವರು ಹೇಳುತ್ತಾರೆ.

ಈ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಸಕಿಚಿಯ ಮಗ ಕಿಚಿರೊ ಕಾರಿನ ಕನಸು ಹಿಡಿದು 1937ರಲ್ಲಿ ಟೊಯೋಟಾ ಮೋಟರ್ ಕಂಪನಿ ಕಟ್ಟಿದ. ಯುದ್ಧ ಮುಗಿದ ಮೇಲೆ ಕಂಪನಿ ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ದೊಡ್ಡ ಮುಷ್ಕರವಾಗಿ ಬಹಳಷ್ಟು ಜನ ಕೆಲಸ ಬಿಡಬೇಕಾಯಿತು. ಅದರ ಹೊಣೆ ಹೊತ್ತು ಕಿಚಿರೊ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟ. ಈಗ ಪ್ರಪಂಚದಲ್ಲೇ ಅತಿ ಹೆಚ್ಚು ವಾಹನ ಮಾರುವ ಕಂಪನಿಯ ಚರಿತ್ರೆಯಲ್ಲಿ ಇಂಥದ್ದೊಂದು ಅಧ್ಯಾಯ ಇದೆ ಎಂಬುದು ನನಗೆ ಗೊತ್ತಿರಲಿಲ್ಲ.

ಆ ಬಡತನವೇ ಹೊಸ ಪದ್ಧತಿಯೊಂದಕ್ಕೆ ದಾರಿ ಮಾಡಿತು. ತೈಚಿ ಓನೊ ಎಂಬ ಎಂಜಿನಿಯರ್ ರೂಪಿಸಿದ 'ಟೊಯೋಟಾ ಉತ್ಪಾದನಾ ಪದ್ಧತಿ'ಯನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಬೇಕಾದಾಗ, ಬೇಕಾದಷ್ಟು ಮಾತ್ರ ತಯಾರಿಸುವುದು ಜಸ್ಟ್ ಇನ್ ಟೈಮ್. ದಿನಾ ಒಂದಿಷ್ಟು ಸುಧಾರಿಸುವುದು ಕೈಜೆನ್. ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಿಸುವುದು ಜಿಡೋಕಾ. ಅಂದರೆ ಅಪ್ಪನ ಮಗ್ಗದ ಪಾಠವೇ ಮುಂದೆ ಕಾರಿನ ಕಾರ್ಖಾನೆಗೆ ಬಂತು. ಸಾಲಿನಲ್ಲಿ ನಿಂತ ಯಾವ ಕಾರ್ಮಿಕನೇ ಆಗಲಿ, ತಪ್ಪು ಕಂಡರೆ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಇದಕ್ಕೆ ಆಂಡಾನ್ ಎನ್ನುತ್ತಾರೆ.

ಇನ್ನೊಂದು 'ಐದು ಯಾಕೆ'. ಇದನ್ನು ನಮ್ಮ ಹೊಲಕ್ಕೇ ಅನ್ವಯಿಸಿ ನೋಡಿದೆ. ಬೋರಿನ ಮೋಟರ್ ಸುಟ್ಟಿತು. ಯಾಕೆ? ನೀರಿಲ್ಲದೆ ಓಡಿತು. ಯಾಕೆ? ರಾತ್ರಿ ಕರೆಂಟ್ ಬಂದಾಗ ಸ್ಟಾರ್ಟರ್ ತಾನೇ ಆನ್ ಆಯಿತು, ನೀರು ಬರುತ್ತಿದೆಯೋ ಇಲ್ಲವೋ ನೋಡುವವರಿರಲಿಲ್ಲ. ನೀರು ನಿಂತರೂ ಮೋಟರ್ ಯಾಕೆ ನಿಲ್ಲಲಿಲ್ಲ? ಅದನ್ನು ತಡೆಯುವ ಸಾಧನ ಹಾಕಿಸಿಲ್ಲ. ಯಾಕೆ? ಹೋದ ಸಲ ಸುಟ್ಟಾಗ ವೈಂಡಿಂಗ್ ಮಾಡಿಸಿ ಇಳಿಸಿದೆವು, ಅಷ್ಟೇ. ಯಾಕೆ? ಸುಟ್ಟದ್ದೇಕೆ ಎಂದು ಯಾರೂ ಕೇಳಲಿಲ್ಲ! ಮೊದಲ 'ಯಾಕೆ'ಗೆ ನಿಂತಿದ್ದರೆ ಕರೆಂಟಿನವರನ್ನೋ ಹಣೆಬರಹವನ್ನೋ ಬೈದು ಸುಮ್ಮನಾಗುತ್ತಿದ್ದೆವು.

ಬಿಡದಿಗೆ ಬಂದದ್ದು

ಕರ್ನಾಟಕಕ್ಕೆ ಟೊಯೋಟಾ ಬಂದದ್ದು ಕೂಡ ಮಗ್ಗದ ನೂಲು ಹಿಡಿದೇ. 1995ರಲ್ಲಿ ಕಿರ್ಲೋಸ್ಕರ್ ಬಳಗ ಮತ್ತು ಟೊಯೋಡಾ ಸಂಸ್ಥೆ ಸೇರಿ ನೂಲು ತೆಗೆಯುವ ಯಂತ್ರಗಳ ಕಂಪನಿ ಆರಂಭಿಸಿದವು. ಎರಡೇ ವರ್ಷದಲ್ಲಿ, 1997ರಲ್ಲಿ, ವಿಕ್ರಮ್ ಕಿರ್ಲೋಸ್ಕರ್ ಅವರ ಪಾಲುದಾರಿಕೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಹುಟ್ಟಿತು. ಕಿರ್ಲೋಸ್ಕರ್ ಹೆಸರು ನಮ್ಮ ಭಾಗಕ್ಕೆ ಹೊಸದಲ್ಲ. ಹರಪನಹಳ್ಳಿಯಿಂದ ಹೆಚ್ಚು ದೂರವಿಲ್ಲದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಮುಚ್ಚಿ ಹೋಯಿತು, ಆದರೆ ಅಲ್ಲಿ ದುಡಿದವರು ಇವತ್ತಿಗೂ ಅದನ್ನು ಸ್ವಂತ ಮನೆಯಂತೆ ನೆನೆಯುತ್ತಾರೆ.

ತಟ್ಟೆ ಇಡ್ಲಿಗೆ ಹೆಸರಾಗಿದ್ದ ಬಿಡದಿಯಲ್ಲಿ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭವಾಯಿತು. 2000ದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು. ನೋಡಲು ಪೆಟ್ಟಿಗೆಯ ಹಾಗಿದೆ ಎಂದು ನಕ್ಕವರೂ ಇದ್ದರು. ಟ್ಯಾಕ್ಸಿಯವರು ಮಾತ್ರ ಗಾಡಿಯ ಅಂದಕ್ಕಿಂತ ಅದರ ಬಾಳಿಕೆ ನೋಡಿದರು. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದರು. ಚೆನ್ನಾಗಿ ಮಾರಾಟವಾಗುತ್ತಿದ್ದ ಗಾಡಿಯನ್ನೇ ನಿಲ್ಲಿಸುವ ಧೈರ್ಯ ಎಷ್ಟು ಕಂಪನಿಗಳಿಗಿದೆ? ಮುಂದೆ 2010ರಲ್ಲಿ ಎರಡನೇ ಘಟಕ, 2016ರಲ್ಲಿ ಕ್ರಿಸ್ಟಾ, ನಂತರ ಹೈಬ್ರಿಡ್ ಹೈಕ್ರಾಸ್ ಬಂದವು. 2022ರ ನವೆಂಬರ್ ಕೊನೆಯಲ್ಲಿ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು.

ಗ್ರಾಮೀಣ ಭಾಗದ ಬಡ ಮಕ್ಕಳಿಗಾಗಿ 2007ರಲ್ಲಿ ಬಿಡದಿಯಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲೇ ಇದ್ದು ಕಲಿಯಬಹುದು. ನಿಮ್ಮ ತಮ್ಮ ತಂಗಿಯರಲ್ಲಿ ಕೈಕೆಲಸದ ಆಸಕ್ತಿ ಇದ್ದವರಿದ್ದರೆ ವಿಚಾರಿಸಿ. ನಮ್ಮ ತಾಲ್ಲೂಕುಗಳಲ್ಲಿ ಇಂಥ ವಿಷಯ ತಿಳಿಯುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ!

ಮೂವತ್ತು ಸೆಕೆಂಡಿನ ಲೆಕ್ಕ

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊಗಳಿಕೆಯ ಲೇಖನ ಆಗುತ್ತಿತ್ತು. ಆದರೆ ಇದೇ ಬಿಡದಿಯ ಕಾರ್ಖಾನೆ 2006, 2014 ಮತ್ತು 2020ರಲ್ಲಿ ಬೀಗಮುದ್ರೆ ಕಂಡಿದೆ. 2020ರ ನವೆಂಬರ್‌ನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತನ್ನು ವಿರೋಧಿಸಿ ಕಾರ್ಮಿಕರು ಧರಣಿ ಕೂತರು. ಮರುದಿನವೇ ಆಡಳಿತ ಮಂಡಳಿ ಬೀಗಮುದ್ರೆ ಘೋಷಿಸಿತು. ಸರ್ಕಾರ ಮುಷ್ಕರ ಮತ್ತು ಬೀಗಮುದ್ರೆ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಕಾರ್ಖಾನೆ ತೆರೆದರೂ ಬಹುಪಾಲು ಕಾರ್ಮಿಕರು ಒಳಗೆ ಹೋಗಲಿಲ್ಲ, ಮತ್ತೆ ಬೀಗಮುದ್ರೆಯಾಯಿತು. ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದವರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂಬ ಷರತ್ತು ಇನ್ನಷ್ಟು ಕಿಚ್ಚು ಹಚ್ಚಿತು. ವಿವಾದ ತಣ್ಣಗಾಗುವ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಧರಣಿಯೇ ಕಾನೂನುಬಾಹಿರ ಎಂಬುದು ಕಂಪನಿಯ ವಾದವಾಗಿತ್ತು. ಕೆಲಸದ ಒತ್ತಡ ಮಿತಿ ಮೀರಿದೆ, ಮೂರು ನಿಮಿಷಕ್ಕೊಂದು ಇದ್ದ ಗಾಡಿಯನ್ನು ಎರಡೂವರೆ ನಿಮಿಷಕ್ಕೆ ಕೇಳುತ್ತಿದ್ದಾರೆ ಎಂಬುದು ಕಾರ್ಮಿಕರ ದೂರಾಗಿತ್ತು.

ಮೂವತ್ತು ಸೆಕೆಂಡಿನಲ್ಲಿ ಏನಿದೆ ಎನ್ನಿಸಬಹುದು. ಸರಳ ಲೆಕ್ಕ ಹಾಕಿ. ಎಂಟು ಗಂಟೆಯ ಪಾಳಿಯಲ್ಲಿ 480 ನಿಮಿಷ. ವಿರಾಮ ಬಿಟ್ಟು ನೋಡಿದರೂ ಅನುಪಾತ ಬದಲಾಗುವುದಿಲ್ಲ. ಮೂರು ನಿಮಿಷಕ್ಕೊಂದಾದರೆ 160 ಗಾಡಿ, ಎರಡೂವರೆ ನಿಮಿಷಕ್ಕೊಂದಾದರೆ 192. ಅಂದರೆ ಕೆಲಸದ ಹಂಚಿಕೆ ಬದಲಾಗದಿದ್ದರೆ ಅದೇ ಕೈ, ಅದೇ ನಡು, ಅದೇ ಬಗ್ಗುವಿಕೆ ದಿನಕ್ಕೆ 32 ಸಲ ಹೆಚ್ಚು. ನಮ್ಮ ಪುಸ್ತಕದಲ್ಲಿ ಇದನ್ನು 'ಟ್ಯಾಕ್ಟ್ ಟೈಮ್' ಎಂದು ಕರೆದು ಎರಡು ಅಂಕದ ಪ್ರಶ್ನೆ ಕೇಳುತ್ತಾರೆ. ಆ ಸಾಲಿನಲ್ಲಿ ನಿಂತವನಿಗೆ ಅದು ಎರಡು ಅಂಕದ ಪ್ರಶ್ನೆಯಲ್ಲ.

ನನ್ನ ಚಿಗಪ್ಪನ ಮಗ ಐಟಿಐ ಮುಗಿಸಿ ಬಿಡಿಭಾಗ ತಯಾರಿಸುವ ಬೇರೊಂದು ಸಣ್ಣ ಕಂಪನಿಯಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದ. ಅವನಿಗೆ ಆಂಡಾನ್ ಬಗ್ಗೆ ಭಾರೀ ಉತ್ಸಾಹದಿಂದ ವಿವರಿಸಿದೆ. ಅಣ್ಣ ನಕ್ಕು, 'ನಮ್ಮಲ್ಲೂ ಗುಂಡಿ ಐತಪ್ಪ. ಒತ್ತಿದವನ ಹೆಸರು ಮೊದಲು ಬೋರ್ಡಿನ ಮ್ಯಾಲೆ ಬೀಳ್ತತಿ, ಆಮೇಲೆ ಗೇಟಿನ ಹೊರಗ ಬೀಳ್ತತಿ' ಎಂದ. ಹಗ್ಗ ನೇತು ಹಾಕಿದರೆ ಸಾಲದು, ಎಳೆದವನಿಗೆ ರಕ್ಷಣೆಯೂ ಬೇಕು ಎಂಬುದು ಅವನ ಒಂದೇ ಮಾತಿನಲ್ಲಿತ್ತು.

ಹೆಸರಿಗೆ ಬಿದ್ದ ಪೆಟ್ಟು

ಟೊಯೋಟಾ ಹೆಸರಿಗೆ ಪೆಟ್ಟು ಬಿದ್ದ ಕಡೆಗಳಲ್ಲೂ ಇದೇ ಕಾಣುತ್ತದೆ. 2009–10ರಲ್ಲಿ ಕಾರುಗಳು ಇದ್ದಕ್ಕಿದ್ದಂತೆ ವೇಗ ಪಡೆಯುತ್ತವೆ ಎಂಬ ದೂರುಗಳ ನಡುವೆ, ಕಾಲಡಿಯ ಮ್ಯಾಟ್ ಮತ್ತು ಅಂಟಿಕೊಳ್ಳುವ ಆಕ್ಸಿಲರೇಟರ್ ಕಾರಣಕ್ಕೆ ಲಕ್ಷಗಟ್ಟಲೆ ವಾಹನಗಳನ್ನು ವಾಪಸ್ ಕರೆಸಬೇಕಾಯಿತು. ಸಂಸ್ಥಾಪಕನ ಮೊಮ್ಮಗ ಅಕಿಯೊ ಟೊಯೋಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಜನರನ್ನು ಮತ್ತು ವ್ಯವಸ್ಥೆಯನ್ನು ತಯಾರು ಮಾಡುವುದಕ್ಕಿಂತ ವೇಗವಾಗಿ ಕಂಪನಿ ಬೆಳೆಯಿತು ಎಂದು ಒಪ್ಪಿಕೊಂಡರು. ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡದ ಆರೋಪ ಇತ್ಯರ್ಥಪಡಿಸಲು 2014ರಲ್ಲಿ ಅಮೆರಿಕದಲ್ಲಿ 120 ಕೋಟಿ ಡಾಲರ್ ಕಟ್ಟಬೇಕಾಯಿತು.

2023ರ ಕೊನೆಯಲ್ಲಿ ಟೊಯೋಟಾ ಬಳಗದ ಡೈಹಟ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಳಿಂದ ಅಕ್ರಮ ಎಸಗಿದ್ದು ಬಯಲಾಯಿತು. ಬಿಗಿಯಾದ ಗಡುವಿನ ಒತ್ತಡ ಇದಕ್ಕೆ ಮುಖ್ಯ ಕಾರಣ ಎಂದು ಸ್ವತಂತ್ರ ತನಿಖಾ ಸಮಿತಿ ಹೇಳಿತು. ಮರು ತಿಂಗಳೇ ಅದರ ಬಿಸಿ ನಮ್ಮ ರಾಜ್ಯಕ್ಕೂ ತಟ್ಟಿತು. ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯಲ್ಲಿ ನಡೆದ ಅಕ್ರಮದಿಂದಾಗಿ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ಗಾಡಿಗಳ ರವಾನೆಯನ್ನು ಕೆಲ ದಿನ ತಡೆಹಿಡಿಯಬೇಕಾಯಿತು. ಗಾಡಿಗಳು ಅಸುರಕ್ಷಿತ ಎಂದು ಯಾರೂ ಹೇಳಲಿಲ್ಲ. ಆದರೆ ಪರೀಕ್ಷೆಯ ಅಂಕಿ ಚೆನ್ನಾಗಿ ಕಾಣಲೆಂದು ಬೇರೆಯೇ ಸಾಫ್ಟ್‌ವೇರ್ ಬಳಸಿದ್ದು ನಿಜ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಗ್ರಾಫ್ ನೇರವಾಗಿ ಬರಲೆಂದು ರೀಡಿಂಗ್ ತಿದ್ದುವ ನಮಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ನಾನೂ ತಿದ್ದಿದ್ದೇನೆ. ಲ್ಯಾಬಿನಲ್ಲಿ ಕಲಿತ ಚಾಳಿ ಮುಂದೆ ಕಾರ್ಖಾನೆಗೂ ನಮ್ಮ ಜೊತೆ ಬರುತ್ತದೆ.

ನಮಗೆ ಇದರಲ್ಲೇನಿದೆ?

2023ರ ನವೆಂಬರ್‌ನಲ್ಲಿ ಬಿಡದಿಯ ಮೂರನೇ ಘಟಕಕ್ಕೆ ರಾಜ್ಯ ಸರ್ಕಾರದೊಂದಿಗೆ ಒಡಂಬಡಿಕೆಯಾಯಿತು. 3,300 ಕೋಟಿ ರೂಪಾಯಿ ಹೂಡಿಕೆ, ವರ್ಷಕ್ಕೆ 1 ಲಕ್ಷ ಗಾಡಿ, ಸುಮಾರು 2,000 ಉದ್ಯೋಗ. ಭಾಗಿಸಿ ನೋಡಿ. ಒಂದು ನೇರ ಉದ್ಯೋಗಕ್ಕೆ 1 ಕೋಟಿ 65 ಲಕ್ಷ ರೂಪಾಯಿ! ಯಂತ್ರಗಳು ಹೆಚ್ಚಾದಷ್ಟೂ ಈ ಮೊತ್ತ ಏರುತ್ತದೆ. 2024ರ ಜುಲೈನಲ್ಲಿ ಕಂಪನಿ ಮಹಾರಾಷ್ಟ್ರದ ಸಂಭಾಜಿನಗರಕ್ಕಾಗಿ ಸುಮಾರು 20,000 ಕೋಟಿಯ ಒಡಂಬಡಿಕೆ ಮಾಡಿಕೊಂಡಾಗ ನಮ್ಮಲ್ಲಿ 'ಕೈತಪ್ಪಿತು' ಎಂಬ ಚರ್ಚೆ ನಡೆಯಿತು. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಇರುವ ನಮ್ಮ ಭಾಗಕ್ಕೆ ಮಾತ್ರ ಇಂಥದ್ದು ಕೈಗೆ ಬಂದೇ ಇಲ್ಲ, ಇನ್ನು ತಪ್ಪುವುದೆಲ್ಲಿ ಬಂತು? ಕಾರಿನ ತಗಡಿಗೆ ಬೇಕಾದ ಉಕ್ಕು ನಮ್ಮ ಪಕ್ಕದಲ್ಲೇ ತಯಾರಾಗುತ್ತದೆ. ಅದರಿಂದ ಬಿಡಿಭಾಗ ಮಾಡುವ ಸಣ್ಣ ಘಟಕಗಳಾದರೂ ಹೊಸಪೇಟೆ, ಕೂಡ್ಲಿಗಿ ಸುತ್ತ ಬರಲಿ ಎಂದು ಕೇಳುವುದು ದುರಾಸೆಯೇನಲ್ಲ.

ಗೆಳೆಯರೇ, ಸಂದರ್ಶನಕ್ಕೆ ಹೋದಾಗ ಕಂಪನಿಯ ಹೆಸರು ನೋಡಿ ಬೆರಗಾಗಿ ಸುಮ್ಮನೆ ಸಹಿ ಹಾಕಬೇಡಿ. ಕೆಲಸ ಕಾಯಂ ಆಗುವ ದಾರಿ ಇದೆಯೇ, ತರಬೇತಿ ಎಷ್ಟು ತಿಂಗಳು, ಗುತ್ತಿಗೆಯಾದರೆ ಪಿಎಫ್, ಇಎಸ್‌ಐ ಯಾರು ಕಟ್ಟುತ್ತಾರೆ ಎಂದು ಕೇಳಿ. ನಮ್ಮಂಥ ಬಿಇ ಓದಿದವರು ಒಂದು ದಿನ ಸಾಲಿನ ವೇಗ ನಿಗದಿ ಮಾಡುವ ಕುರ್ಚಿಯಲ್ಲಿ ಕೂರಬಹುದು. ಅಂದು ಮೂವತ್ತು ಸೆಕೆಂಡು ಕಡಿಮೆ ಮಾಡುವ ಮೊದಲು ಒಂದು ಪಾಳಿ ಆ ಸಾಲಿನಲ್ಲಿ ನಾವೇ ನಿಂತು ನೋಡಿದರೆ ಒಳ್ಳೆಯದು.

ಮೊನ್ನೆ ಊರಿಗೆ ಹೋದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ಬಾನೆಟ್ ತೆರೆದು ನೀರು ಹಾಕುತ್ತಿದ್ದವರು ಪೂರಾ ಕೇಳಿಸಿಕೊಂಡರು. 'ಗಾಡಿ ಚಲೋ ಐತಿ, ಅದರಾಗ ಎರಡು ಮಾತಿಲ್ಲ. ಮಾಡಿದೋರೂ ಚಲೋ ಇರಬೇಕಲ್ಲೇನು?' ಎಂದು ಬಾನೆಟ್ ಮುಚ್ಚಿದರು. ಕೊಟ್ಟೂರಿಗೆ ಬಾಡಿಗೆ ಇತ್ತು, ಹೊರಟರು.