ತೆರೆಯ ಮೇಲಣ ರಕ್ತ

ಭೀತಿಚಿತ್ರಗಳಲ್ಲಿ ರಕ್ತಪಾತವನ್ನು ಎಷ್ಟರಮಟ್ಟಿಗೆ ತೋರಿಸಬಹುದು, ಅದನ್ನು ಕಂಡು ಸಂತೋಷಪಡುವವರ ಮನಸ್ಸು ಎಂಥದು ಎಂಬ ಚರ್ಚೆಯು ಈಗ ಮನೆಮನೆಗೂ ಬಂದಿದೆ. ಅಂಥ ಚಿತ್ರಗಳನ್ನು ನೋಡುವವರೆಲ್ಲರೂ ಕ್ರೂರಿಗಳೆಂದು ಒಂದು ಪಕ್ಷ. ಇದೆಲ್ಲವೂ ಬಣ್ಣದ ನೀರು, ಇದಕ್ಕೆ ಹೇಸುವವರು ಹೇಡಿಗಳೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ವಿಷಯದ ಅರ್ಧವನ್ನು ಮಾತ್ರ ಕಂಡಿರುವರೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಭಯವೇ ಬೇರೆ, ಹೇಸಿಗೆಯೇ ಬೇರೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಭಯದಿಂದ ಹುಟ್ಟುವ ಭಯಾನಕವನ್ನೂ ಜುಗುಪ್ಸೆಯಿಂದ ಹುಟ್ಟುವ ಬೀಭತ್ಸವನ್ನೂ ಪ್ರತ್ಯೇಕವಾಗಿಯೇ ಇಟ್ಟನು. ಇವೆರಡಕ್ಕೂ ರಂಗದ ಮೇಲೆ ಸ್ಥಾನವಿತ್ತ ಆ ಗ್ರಂಥವೇ, ಯುದ್ಧ ಮರಣಾದಿಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸತಕ್ಕದ್ದೆಂದೂ ವಿಧಿಸಿತು. ಹೆದರಿಸುವುದಕ್ಕೆ ರಕ್ತವೇ ಬೇಕೆಂಬ ನಿಯಮವಿಲ್ಲವೆಂದು ಇದರಿಂದ ತಿಳಿಯುವುದು.

ಚಲಚ್ಚಿತ್ರದ ಇತಿಹಾಸವೂ ಇದಕ್ಕೆ ಸಾಕ್ಷಿಯಾಗಿದೆ. ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ತೆರೆಗೆ ತಂದ 'ಸೈಕೋ' ಚಿತ್ರದ ಸ್ನಾನಗೃಹದ ಕೊಲೆಯು ಇಂದಿಗೂ ನೋಡುವವರನ್ನು ಬೆಚ್ಚಿಸುತ್ತದೆ. ಆ ಚಿತ್ರವು ಕಪ್ಪುಬಿಳುಪಿನದು. ಅಲ್ಲಿ ಹರಿದ ರಕ್ತವು ಚಾಕೊಲೇಟಿನ ಪಾಕ. ಚೂರಿಯ ಇರಿತವನ್ನು ಬಹುಮಟ್ಟಿಗೆ ಪ್ರೇಕ್ಷಕನ ಮನಸ್ಸೇ ಕಲ್ಪಿಸಿಕೊಳ್ಳುತ್ತದೆ. 1974ರ 'ದಿ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ಹೆಸರಿನಲ್ಲಿಯೇ ಹತ್ಯಾಕಾಂಡವನ್ನು ಹೊತ್ತಿದ್ದರೂ ತೆರೆಯ ಮೇಲೆ ಅದು ತೋರಿಸುವ ರಕ್ತ ಕಡಮೆ. ಬ್ರಿಟನ್ನಿನ ಚಿತ್ರಪರೀಕ್ಷಕ ಮಂಡಲಿಯು ಅದಕ್ಕೆ 1975ರಲ್ಲಿ ಪ್ರಮಾಣಪತ್ರವನ್ನು ನಿರಾಕರಿಸಿ, 1999ರಲ್ಲಿ ಏನನ್ನೂ ಕತ್ತರಿಸದೆ ದಯಪಾಲಿಸಿತು. ಕತ್ತರಿಗೆ ಸಿಕ್ಕುವಂಥದು ಅದರಲ್ಲಿ ಹೆಚ್ಚಾಗಿರಲಿಲ್ಲ. ಭಯವು ಚಿತ್ರದ ಉದ್ದಕ್ಕೂ ಹಬ್ಬಿಕೊಂಡಿತ್ತು. 'ಸಾ' (2004), 'ಹಾಸ್ಟೆಲ್' (2005) ಮೊದಲಾದವು ಬಂದಮೇಲೆ ಮಾರ್ಗವು ಬೇರೆಯಾಯಿತು. ಕಥೆಗಾಗಿ ಗಾಯವಿದ್ದ ಕಾಲವು ಹೋಗಿ, ಗಾಯಕ್ಕಾಗಿ ಕಥೆಯನ್ನು ಹೊಸೆಯುವ ಕಾಲವು ಬಂದಿತು.

ಇಂಥ ಚಿತ್ರಗಳ ಅಭಿಮಾನಿಗಳ ವಾದವನ್ನು ನಾವು ತಳ್ಳಿಹಾಕುವವರಲ್ಲ. ಅಸಂಖ್ಯ ಜನರು ಇವನ್ನು ನೋಡಿ ಮನೆಗೆ ಬಂದು, ಉಂಡು, ನೆಮ್ಮದಿಯಾಗಿ ಮಲಗುತ್ತಾರೆ. ಭೀತಿಚಿತ್ರಪ್ರಿಯರು ಕೋವಿಡ್ ಮಹಾಮಾರಿಯ ಮೊದಲ ತಿಂಗಳುಗಳಲ್ಲಿ ಇತರರಿಗಿಂತ ಕಡಮೆ ಮನಃಕ್ಲೇಶವನ್ನು ಅನುಭವಿಸಿದರೆಂದು 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ತಿಳಿಸಿತು. ಹುಸಿಭಯದಲ್ಲಿ ಪಳಗಿದವನು ನಿಜಭಯವನ್ನು ಧೈರ್ಯವಾಗಿ ಎದುರಿಸುವುದು ಅಸಂಭವವೇನೂ ಅಲ್ಲ.

ಆದರೆ "ರಕ್ತವು ಸುಳ್ಳು, ಆದುದರಿಂದ ದೋಷವಿಲ್ಲ" ಎಂಬ ಮಾತು ಸಾಲದು. ಕವಿ ಜನ್ನನ ಯಶೋಧರ ಚರಿತೆಯನ್ನು ನಮ್ಮ ವಾಚಕರು ಬಲ್ಲರು. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವವಿಲ್ಲದ ಹಿಟ್ಟಿನ ಹುಂಜವನ್ನು ಬಲಿಕೊಟ್ಟನು. ಅಲ್ಲಿ ಹರಿಯಲು ರಕ್ತವೇ ಇರಲಿಲ್ಲ. ಆದರೂ ಕೊಲ್ಲುವ ಸಂಕಲ್ಪವು ನಿಜವಾಗಿದ್ದುದರಿಂದ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲಬೇಕಾಯಿತು. ಜನ್ಮಾಂತರವನ್ನು ನಂಬದವನೂ ಈ ಕಥೆಯ ತಿರುಳನ್ನು ಅಲ್ಲಗಳೆಯಲಾರನು. ತೆರೆಯ ಮೇಲಣ ಶರೀರವು ಹಿಟ್ಟಿನದೇ ಸರಿ; ಅದನ್ನು ಸೀಳುವಾಗ ನೋಡುವವನ ಮನಸ್ಸು ಎಲ್ಲಿ ನಿಂತಿದೆ? ಗಾಯಗೊಂಡವನ ಬಳಿಯಲ್ಲಿದ್ದರೆ ಭಯವು ಕರುಣೆಯನ್ನು ಎಚ್ಚರಿಸುವುದು. ಚೂರಿಯ ಹಿಡಿಯ ಮೇಲಿದ್ದರೆ ಅಲ್ಲಿ ಬೆಳೆಯುವುದು ಮತ್ತೊಂದೇ. ಈ ಪ್ರಶ್ನೆಯನ್ನು ಪ್ರತಿಯೊಬ್ಬನೂ ತನಗೆ ತಾನೇ ಕೇಳಿಕೊಳ್ಳತಕ್ಕದ್ದು. ಇತರರ ಪರವಾಗಿ ಉತ್ತರಕೊಡುವ ಅಧಿಕಾರವು ಯಾರಿಗೂ ಇಲ್ಲ.

ಶಾಸನವು ತನ್ನ ಕೈಲಾದುದನ್ನು ಮಾಡಿದೆ. 2023ರ ತಿದ್ದುಪಡಿಯಿಂದ 'ಯುಎ' ಪ್ರಮಾಣಪತ್ರದಲ್ಲಿ 7, 13, 16 ಎಂಬ ಮೂರು ವಯೋಮಾನಗಳು ಏರ್ಪಟ್ಟವು. 'ಎ' ಚಿತ್ರವು 18 ತುಂಬಿದವರಿಗೆ ಮಾತ್ರ. ಆದರೆ 'ಯುಎ' ಅಂಕೆಯು ತಂದೆತಾಯಿಗಳಿಗೆ ಕೊಟ್ಟ ಸೂಚನೆಯೇ ಹೊರತು ಬಾಗಿಲಿಗೆ ಹಾಕಿದ ಬೀಗವಲ್ಲ. ಹಟಮಾಡುವ ಮಗುವಿನ ಕೈಗೆ ಫೋನನ್ನು ಕೊಟ್ಟು, ಅದು ಏನು ನೋಡುತ್ತಿದೆಯೆಂದು ವಿಚಾರಿಸದೆ, ಪರೀಕ್ಷಕ ಮಂಡಲಿಯನ್ನು ನಿಂದಿಸುತ್ತ ಕುಳಿತರೆ ಫಲವೇನು?

ದೊಡ್ಡವರಲ್ಲಿಯೂ ಒಂದು ಕೆಟ್ಟ ರೂಢಿಯುಂಟು. ಅದು ಹೇಸುವವರನ್ನು ಹಾಸ್ಯಮಾಡುವುದು. ಗೆಳೆಯರ ನಡುವೆ ಕುಳಿತ ಹುಡುಗನು ಕಣ್ಣು ಮುಚ್ಚಿಕೊಂಡರೆ ಮಿಕ್ಕವರು ನಗುತ್ತಾರೆ. ಆ ನಗೆಗೆ ಅಂಜಿ ಮುಂದಿನ ಸಲ ಅವನು ಕಣ್ಣು ತೆರೆದಿರುತ್ತಾನೆ. ಅದರ ಮುಂದಿನ ಸಲ ತಾನೂ ನಗುತ್ತಾನೆ. ಪರರ ನೋವಿಗೆ ಮುದುಡುವ ಆ ಗುಣವು ಬೀದಿಯ ಅಪಘಾತದಲ್ಲಿ ಬಿದ್ದವನನ್ನು ಎತ್ತಲು ನಮ್ಮನ್ನು ಓಡಿಸುವ ಗುಣವೇ ಆಗಿದೆ. ಅದು ಮೊಂಡಾದರೆ ಹರಿತಮಾಡಿ ಕೊಡಬಲ್ಲ ಶಾಸನವು ಯಾವ ದೇಶದಲ್ಲಿಯೂ ಇಲ್ಲ. ನೋಡುವವರು ನೋಡಲಿ, ಅವರನ್ನು ಕ್ರೂರಿಗಳೆಂದು ಕರೆಯುವುದು ಬೇಡ. ಕಣ್ಣು ಮುಚ್ಚುವವನನ್ನು ಮಾತ್ರ ಅವನ ಪಾಡಿಗೆ ಬಿಡಲಿ.