ಬಿಲ್ಲಿನಿಂದ ಬಿಲ್ಲಿನವರೆಗೆ ಮನೆತನದ ಲೆಕ್ಕ



ರೈತ ಲೆಕ್ಕ ಇಡೂದಿಲ್ಲ, ಅದಕ್ಕ ಸಾಲಗಾರ ಆಗ್ಯಾನ ಅಂತ ಪ್ಯಾಟಿ ಮಂದಿ ಅಂತಾರ. ಈ ಮಾತು ಅರ್ಧ ಸುಳ್ಳು. ಬೆಲೆಯ ಅನ್ಯಾಯದಿಂದ ಆದ ಸಾಲ ವಹಿ ಬರೆದರೆ ತೀರುವುದಿಲ್ಲ. ಆದರೆ ಇನ್ನರ್ಧ ನಮ್ಮ ಕೈಯಾಗ ಐತಿ. ಅದನ್ನು ನಾವೇ ಸರಿಪಡಿಸಬೇಕು.

ನೌಕರದಾರನಿಗೆ ತಿಂಗಳಿಗೊಮ್ಮೆ ಪಗಾರ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಕಬ್ಬಿನ ರೈತನಿಗೆ ವರ್ಷಕ್ಕೊಮ್ಮೆ ಬಿಲ್ಲು. ಕಿರಾಣಿ, ದವಾಖಾನಿ, ಸಾಲಿ ಫೀ ಮಾತ್ರ ತಿಂಗಳಾ ಬರತಾವ. ಹಿಂಗಾಗಿ ಕ್ಯಾಲೆಂಡರ್ ನೋಡಿ ಮಾಡುವ ಬಜೆಟ್ಟು ನಮಗೆ ಹೊಂದುವುದಿಲ್ಲ. ಒಂದು ಬಿಲ್ಲಿನಿಂದ ಮುಂದಿನ ಬಿಲ್ಲಿನವರೆಗೆ ಲೆಕ್ಕ ಹಾಕಬೇಕು.

ಎರಡು ಎಕರೆ ಕಬ್ಬು, ಎಕರೆಗೆ 40 ಟನ್ನು ಅಂತ ಹಿಡೀರಿ. ಎಲ್ಲಾ ಕಡಿತ ಹೋಗಿ ಟನ್ನಿಗೆ 3,000 ರೂಪಾಯಿ ಕೈಗೆ ಬಂದರೆ 2,40,000 ಆಯಿತು. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರ್ ಸೇರಿ ಒಂದು ಲಕ್ಷ ತೆಗೀರಿ. ಉಳಿದದ್ದು 1,40,000. ಹಚ್ಚಿದಾಗಿನಿಂದ ಬಿಲ್ಲು ಬರುವತನಕ 14 ತಿಂಗಳು. ಅಂದರೆ ತಿಂಗಳಿಗೆ ಹತ್ತೇ ಸಾವಿರ! ಎರಡೂವರೆ ಲಕ್ಷ ಒಮ್ಮೆಲೇ ಖಾತೆಗೆ ಬಿದ್ದಾಗ ನಾವು ಸಾಹುಕಾರರಂಗ ಕಾಣತೀವಿ. ಹೊಸ ಗಾಡಿ, ದೊಡ್ಡ ಮದುವಿ ನೆನಪಾಗತಾವ. ಆ ದಿನವೇ ಈ ಭಾಗಾಕಾರ ಮಾಡಿ ಗೋಡೆಗೆ ಅಂಟಿಸಿರಿ.

ಲೆಕ್ಕದಾಗ ಆಸೆಯ ದರ ಬರೀಬ್ಯಾಡ್ರಿ. 2025ರ ನವೆಂಬರದಾಗ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯ ಮ್ಯಾಲೆ ಕುಂತರು. ಸರ್ಕಾರ ಘೋಷಿಸಿದ್ದು 3,300, ಅದೂ ರಿಕವರಿ ಶೇ. 11.25 ಇದ್ದ ಕಬ್ಬಿಗೆ. 3,500ಕ್ಕೆ ಹೋರಾಡೋಣ, ಆದರೆ ವಹಿಯಾಗ ಕೈಗೆ ಬರೂದನ್ನೇ ಬರೆಯೋಣ.

ಹೊಲದ ವಹಿ ಬ್ಯಾರೆ, ಮನಿಯ ವಹಿ ಬ್ಯಾರೆ ಇರಲಿ. 2012ರಲ್ಲಿ ತಿದ್ದುಪಡಿಯಾದ ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮದಾಗ ಬೆಳೆಸಾಲದ ಮಿತಿಗೆ ಶೇ. 10 ಕೂಡಿಸಿದ್ದು ಸುಗ್ಗಿಯ ನಂತರದ ಮತ್ತು ಮನೆತನದ ಖರ್ಚಿಗೆ. ಅದಕ್ಕಿಂತ ಹೆಚ್ಚು ಮನಿ ತಿಂದರೆ ಗೊಬ್ಬರ ಉದ್ರಿ ತರಬೇಕು, ಉದ್ರಿ ತಂದಲ್ಲಿ ಅಂಗಡಿಕಾರ ಹೇಳಿದ್ದೇ ದರ. ಸೊಸೈಟಿಯಲ್ಲಿ 2023ರಿಂದ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಐತಿ, ಆದರೆ ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಮಾತ್ರ. ಅದಕ್ಕ ವಹಿಯ ಮೊದಲ ಸಾಲಿನಾಗ ಸೊಸೈಟಿಯ ವಾಯಿದೆ ತಾರೀಖು ಬರೀರಿ.

ಇನ್ನೊಂದು ಕಲಂ ನಮ್ಮ ಯಾರ ವಹಿಯಾಗೂ ಇರೂದಿಲ್ಲ. ನಮಗ ಬರಬೇಕಾದ ಬಡ್ಡಿ! 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ 14 ದಿನದೊಳಗೆ ರೊಕ್ಕ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಮ್ಯಾಲಿನ 2,40,000ಕ್ಕೆ ಎರಡು ತಿಂಗಳು ತಡವಾದರೆ 6,000 ರೂಪಾಯಿ. ನಾವು ಮಾತ್ರ ಆ ಎರಡು ತಿಂಗಳು ಬಂಗಾರ ಒತ್ತಿ ಇಟ್ಟು ಬಡ್ಡಿ ಕಟ್ಟತೀವಿ. ತೂಕದ ಚೀಟಿ, ಕಬ್ಬು ಹೋದ ತಾರೀಖು, ಬಿಲ್ಲು ಬಂದ ತಾರೀಖು ಬರೆದಿಟ್ಟವನಷ್ಟೇ ಈ ಬಡ್ಡಿ ಕೇಳಬಲ್ಲ. ಬಾಯಿಲೆಕ್ಕದವನ ಅರ್ಜಿ ಯಾವ ಕಚೇರಿಯಾಗೂ ನಿಲ್ಲುವುದಿಲ್ಲ.

ಬಜೆಟ್ಟು ಮಾಡೂದು ಸುಲಭ, ಪಾಲಿಸೂದು ಕಷ್ಟ. ಮನಿಯ ಹೆಣ್ಣಮಕ್ಕಳನ್ನು ಬಿಟ್ಟು ಬರೆದ ಲೆಕ್ಕ ಎಂಟು ದಿನ ನಡೆಯುವುದಿಲ್ಲ. ಕಾಳು ಎಷ್ಟು ಉಳಿದಾವ, ಎಮ್ಮಿ ಹಾಲಿನ ರೊಕ್ಕ ಎಲ್ಲಿ ಹೋಯಿತು ಅನ್ನೂದು ಅವರಿಗೇ ಗೊತ್ತು. ಅವರು ಹೊಲದಾಗ ದುಡಿದ ದಿನಗಳ ಕೂಲಿಯನ್ನೂ ಬರೀರಿ. ಅದನ್ನು ಬಿಟ್ಟರೆ ನಮ್ಮ ಬೆಲೆ ನಾವೇ ಇಳಿಸಿಕೊಂಡಂಗ.

ಮದುವಿಯ ಖರ್ಚು ಒಬ್ಬನಿಂದ ನಿಲ್ಲದು. ಪಕ್ಕದ ಮನಿಯವ ಸಾವಿರ ಮಂದಿಗೆ ಊಟ ಹಾಕಿದರೆ ನಾನೂ ಹಾಕಬೇಕು ಅನ್ನುವ ಹಟ ಮುರಿಯಬೇಕು. ಕುವೆಂಪು ಅವರು ಮಂತ್ರಮಾಂಗಲ್ಯದ ಸರಳ ದಾರಿ ತೋರಿಸಿ ಹೋಗ್ಯಾರ. ಊರ ಹಿರಿಯರು ಕೂಡಿ ಊಟಕ್ಕೆ, ಬಂಗಾರಕ್ಕೆ ಒಂದು ಮಿತಿ ಹಾಕಿದರೆ ಬಡವನ ಮಾನವೂ ಉಳಿಯತೈತಿ, ಹೊಲವೂ ಉಳಿಯತೈತಿ.

ನಮ್ಮ ಖರ್ಚು ಎಷ್ಟು ಅಂತ ನಮಗೇ ಗೊತ್ತಿಲ್ಲದಿದ್ದರೆ ನಮ್ಮ ಬೆಳೆಗೆ ಬೆಲೆ ಎಷ್ಟು ಅಂತ ಹ್ಯಾಂಗ ಕೇಳೂದು? ಈ ಹಂಗಾಮಿನ ಬಿಲ್ಲು ಬರುವ ಮೊದಲೇ ಒಂದು ಇನ್ನೂರು ಪುಟದ ನೋಟಬುಕ್ಕು ತರ್ರಿ.